ತಿಳಿಯುವುದು ಕರ್ತವ್ಯವೆ?

ಜ್ಞಾನವೇ ಬೆಳಕು, ಅಜ್ಞಾನವೇ ಕತ್ತಲೆ ಎಂದು ಶಿಕ್ಷಕರಾದ ನಾವು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇವೆ. ಈ ಮಾತಿನಲ್ಲಿ ನನಗೆ ಎಂದೂ ಸಂದೇಹವಿರಲಿಲ್ಲ; ಒಂದು ಸಂಜೆ ಅದು ಹುಟ್ಟಿತು.

ಜತ್ತ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರನೆಂದರೆ ಊರವರ ಕಾಗದಪತ್ರಗಳನ್ನು ಓದಿ ಹೇಳುವವನೂ ಹೌದು. ಆ ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯು ಆಸ್ಪತ್ರೆಯ ಕಾಗದವೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೈಗಿತ್ತಳು. "ಓದಿ ನೋಡ್ರಿ ಮಾಸ್ತರ. ಕೆಟ್ಟದ್ದ ಇದ್ರ ನನಗ ಹೇಳಬ್ಯಾಡ್ರಿ, ನನ್ನ ಮಗಳ ಮುಂದ ಹೇಳ್ರಿ" ಎಂದಳು. ಅವಳ ತಾಯಿಯೂ ಅಕ್ಕನೂ ಎದೆಯ ಗಂಟಿನಿಂದಲೇ ತೀರಿಕೊಂಡವರು. ಇಂಗ್ಲಿಷಿನ ಆ ಕಾಗದದಲ್ಲಿ ಸ್ತನದ ಕ್ಯಾನ್ಸರಿನ ಸಂದೇಹವನ್ನು ಬರೆದು, ತಡಮಾಡದೆ ಮುಂದಿನ ತಪಾಸಣೆಗೆ ಬರಬೇಕೆಂದು ಸೂಚಿಸಿದ್ದರು. "ಇನ್ನೊಮ್ಮೆ ಹೋಗಿ ಬರಬೇಕಂತೆ, ಅಜ್ಜಿ" ಎಂದಷ್ಟೇ ಹೇಳಿ ಕಾಗದವನ್ನು ಮಡಿಸಿಕೊಟ್ಟೆನು. ಮಗಳಿಗೆ ಏನನ್ನೂ ಹೇಳಲಿಲ್ಲ. ಇದು ಕರುಣೆಯೋ ಹೇಡಿತನವೋ?

ಈ ಪ್ರಶ್ನೆಯನ್ನು ಹಿಡಿದು ಓದತೊಡಗಿದಾಗ ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರ ಜೀವನವು ನನ್ನ ಕಣ್ಣಿಗೆ ಬಿದ್ದಿತು. 1946ರಲ್ಲಿ ಜನಿಸಿದ ಈ ಮಹಿಳೆಯು ಗಣಿತವನ್ನು ಕಲಿತು ತಳಿವಿಜ್ಞಾನಕ್ಕೆ ಬಂದವರು. ಸ್ತನದ ಕ್ಯಾನ್ಸರು ಕೆಲವು ಮನೆತನಗಳಲ್ಲಿ ಒಂದೇ ವಂಶವಾಹಿಯ ದೋಷದಿಂದ ಇಳಿದುಬರಬಹುದೆಂಬ ಶಂಕೆಯನ್ನು ಬೆನ್ನಟ್ಟಿ ಅವರು 1974ರಲ್ಲಿ ಕೆಲಸಕ್ಕೆ ತೊಡಗಿದರು. ಇಷ್ಟು ಸಾಮಾನ್ಯವಾದ ರೋಗಕ್ಕೆ ಅಷ್ಟು ಸರಳವಾದ ಮೂಲವಿರಲಾರದೆಂದು ಹಲವು ವಿದ್ವಾಂಸರು ಅದನ್ನು ನಂಬಲಿಲ್ಲ. ಅವರು ಮನೆತನಗಳ ವೃತ್ತಾಂತಗಳನ್ನು ಸಂಗ್ರಹಿಸುತ್ತ ಹೋದರು. 1990ರಲ್ಲಿ 23 ಮನೆತನಗಳ ಪರಿಶೀಲನೆಯಿಂದ, ಆ ವಂಶವಾಹಿಯು 17ನೆಯ ವರ್ಣತಂತುವಿನ ಮೇಲಿದೆಯೆಂದು ತೋರಿಸಿಕೊಟ್ಟರು. 1994ರಲ್ಲಿ ಇನ್ನೊಂದು ತಂಡವು ವಂಶವಾಹಿಯನ್ನೇ ಬೇರ್ಪಡಿಸಿತು.

ಈ ವಂಶವಾಹಿಯು ಸ್ವಭಾವತಃ ಶತ್ರುವಲ್ಲ. ಜೀವಕೋಶದೊಳಗಿನ ತಳಿತಂತುವು ಮುರಿದಾಗ ಅದನ್ನು ಸರಿಪಡಿಸಲು ನೆರವಾಗುವುದೇ ಅದರ ಕೆಲಸ. ಆ ಕೆಲಸಗಾರನೇ ಕೆಟ್ಟರೆ ಬಿರುಕುಗಳು ಕೂಡುತ್ತ ಹೋಗಿ, ಕೋಶವು ತನ್ನ ಮೇರೆಯನ್ನು ಮೀರಿ ಬೆಳೆಯಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ 100 ಸ್ತ್ರೀಯರಲ್ಲಿ ಸುಮಾರು 13 ಮಂದಿಗೆ ಜೀವಮಾನದಲ್ಲಿ ಸ್ತನದ ಕ್ಯಾನ್ಸರು ಬರುತ್ತದೆ. ಈ ದೋಷವುಳ್ಳವರಲ್ಲಿ 60ಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ಮಗನಾಗಲಿ ಮಗಳಾಗಲಿ, ಪ್ರತಿಯೊಂದು ಮಗುವಿಗೂ ದೋಷವು ಇಳಿಯುವ ಸಂಭವವು ಅರ್ಧಕ್ಕರ್ಧ. ಆದುದರಿಂದ ತಂದೆಯ ಕಡೆಯಿಂದಲೂ ಅದು ಸದ್ದಿಲ್ಲದೆ ಬರಬಲ್ಲದು. ಸುಮಾರು 30ನೆಯ ವಯಸ್ಸಿನಲ್ಲಿ ಪ್ರತಿಯೊಬ್ಬ ಸ್ತ್ರೀಗೂ ಪರೀಕ್ಷೆಯ ಅವಕಾಶವಿರಬೇಕೆಂದು ಕಿಂಗ್ ಅವರು 2014ರಲ್ಲಿ ವಾದಿಸಿದರು. ಅದಕ್ಕೆ ಆಧಾರವೂ ಉಂಟು: ದೋಷವು ತಿಳಿದರೆ ಆಗಾಗ ತಪಾಸಣೆ ಮಾಡಿಸಿಕೊಳ್ಳಬಹುದು, ಶಸ್ತ್ರಕ್ರಿಯೆಯಿಂದ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು.

ಹಾಗಾದರೆ ತಿಳಿಯುವುದು ಎಲ್ಲರ ಕರ್ತವ್ಯವೆಂದು ಇಲ್ಲಿಗೇ ಮುಗಿಸೋಣವೆ? ಸಾಧ್ಯವಿಲ್ಲ. ಹಂಟಿಂಗ್ಟನ್ ರೋಗವೆಂಬ ಇನ್ನೊಂದು ವಂಶರೋಗವಿದೆ. ನಡುವಯಸ್ಸಿನಲ್ಲಿ, ಮಕ್ಕಳು ಹುಟ್ಟಿದ ಮೇಲೆಯೇ ಅದು ಬಹುಮಟ್ಟಿಗೆ ತಲೆದೋರುವುದು. ಕೈಕಾಲುಗಳು ಹತೋಟಿ ತಪ್ಪುತ್ತವೆ, ಬುದ್ಧಿಯು ಮಂಕಾಗುತ್ತದೆ. ಇಂದಿಗೂ ಅದನ್ನು ಗುಣಪಡಿಸುವ ಮದ್ದಿಲ್ಲ. 1968ರಲ್ಲಿ ತಾಯಿಗೆ ಈ ರೋಗವಿದೆಯೆಂದು ತಿಳಿದ ನ್ಯಾನ್ಸಿ ವೆಕ್ಸ್‌ಲರ್ ಎಂಬ ಅಮೆರಿಕದ ಯುವತಿಯು ಅದರ ಶೋಧನೆಗೇ ಬಾಳನ್ನು ಮುಡಿಪಾಗಿಟ್ಟರು. ವೆನೆಜುವೆಲಾದ ಮಾರಕೈಬೊ ಸರೋವರದ ದಡದ ರೋಗಪೀಡಿತ ಮನೆತನಗಳಿಂದ ಅವರು ಸಂಗ್ರಹಿಸಿದ ರಕ್ತವು 1983ರಲ್ಲಿ ವಂಶವಾಹಿಯ ಜಾಡನ್ನೂ 1993ರಲ್ಲಿ ವಂಶವಾಹಿಯನ್ನೂ ಕಂಡುಹಿಡಿಯಲು ನೆರವಾಯಿತು. ಪರೀಕ್ಷೆಯೂ ಬಂದಿತು. ಆದರೆ ಅಪಾಯವಿದ್ದವರಲ್ಲಿ ಹೆಚ್ಚಿನವರು ಅದಕ್ಕೆ ಒಳಗಾಗಲಿಲ್ಲ. ತಮಗೂ ಅದೇ ರೋಗವಿದೆಯೆಂದು ವೆಕ್ಸ್‌ಲರ್ ಅವರು 2020ರಲ್ಲಿ ಬಹಿರಂಗವಾಗಿ ಹೇಳಿದರು. ಪರೀಕ್ಷೆಯಿಂದ ದೂರವುಳಿದವರನ್ನು ಅಜ್ಞಾನಿಗಳೆಂದು ಜರೆಯಲು ನನಗೆ ನಾಲಗೆ ಬಾರದು. ಮದ್ದಿಲ್ಲದ ಸುದ್ದಿಯನ್ನು ಹೊತ್ತು ಇಪ್ಪತ್ತು ವರ್ಷ ಬಾಳುವವರು ಅವರೇ ಹೊರತು ನಾವಲ್ಲ.

ಕಿಂಗ್ ಅವರ ಇನ್ನೊಂದು ಕಾರ್ಯವು ಈ ಗಂಟನ್ನು ಮತ್ತಷ್ಟು ಬಿಗಿಗೊಳಿಸುತ್ತದೆ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ನಡೆದ ಸೈನಿಕ ಆಡಳಿತವು ವಿರೋಧಿಗಳನ್ನು ಕೊಂದು ಅವರ ಹಸುಗೂಸುಗಳನ್ನು ಪರರಿಗೆ ಒಪ್ಪಿಸಿತ್ತು. ಮೊಮ್ಮಕ್ಕಳನ್ನು ಹುಡುಕುತ್ತಿದ್ದ ಅಜ್ಜಿಯರ ಕರೆಗೆ ಓಗೊಟ್ಟು ಕಿಂಗ್ ಅವರು 1984ರಲ್ಲಿ ಅಲ್ಲಿಗೆ ಹೋದರು. ದೇಹವು ತನ್ನದನ್ನೂ ಪರರದನ್ನೂ ಗುರುತಿಸಿ ರೋಗದೊಡನೆ ಹೋರಾಡಲು ಬಳಸುವ ಗುರುತುಗಳು ರಕ್ತದ ಬಿಳಿಯ ಕಣಗಳ ಮೇಲಿರುತ್ತವೆ. ಅವುಗಳಿಂದಲೇ, ತಂದೆತಾಯಿಗಳು ಬದುಕಿಲ್ಲದಿದ್ದರೂ, ಅಜ್ಜಿ ಮೊಮ್ಮಗುವಿನ ನಂಟನ್ನು ಅವರು ಸ್ಥಾಪಿಸಿದರು. ಇಂದಿಗೆ 130ಕ್ಕೂ ಹೆಚ್ಚು ಮಂದಿಯ ಮೂಲವು ಪತ್ತೆಯಾಗಿದೆ. ಆದರೆ ಬೆಳೆದು ದೊಡ್ಡವರಾದ ಕೆಲವರು, ಸಾಕಿದವರಿಗೆ ಸೆರೆವಾಸವಾದೀತೆಂದು ರಕ್ತ ಕೊಡಲು ಒಪ್ಪಲಿಲ್ಲ. ಅರಿಯಲೊಲ್ಲೆನೆಂಬ ಮೊಮ್ಮಗನ ಹಕ್ಕು ದೊಡ್ಡದೋ, ಹುಡುಕಿ ಹುಡುಕಿ ಮುದುಕಿಯಾದ ಅಜ್ಜಿಯ ಹಕ್ಕು ದೊಡ್ಡದೋ?

ನನಗೆ ಕಂಡುದಿಷ್ಟು. ತಿಳಿದವನು ತಿಳಿವಳಿಕೆಯನ್ನು ಕೇಳುವವರ ಕೈಗೆಟಕುವಂತೆ, ಅವರ ಭಾಷೆಯಲ್ಲಿ, ಸಕಾಲದಲ್ಲಿ ತಂದಿರಿಸಬೇಕು. ಅದನ್ನು ಎತ್ತಿಕೊಳ್ಳುವುದೂ ಬಿಡುವುದೂ ಅವರಿಗೆ ಸೇರಿದ್ದು. ಆದರೆ ನಮ್ಮ ಮೌನದಿಂದ ಇನ್ನೊಬ್ಬರ ಉಳಿವಿನ ದಾರಿಯೇ ಮುಚ್ಚುವುದಾದರೆ, ಆ ಮೌನಕ್ಕೆ ಕರುಣೆಯೆಂಬ ಹೆಸರು ಸಲ್ಲದು. ನಮ್ಮೂರ ಅಜ್ಜಿಯು ಅಕ್ಷರ ಕಲಿಯದೆಯೂ ಇದನ್ನು ಅರಿತಿದ್ದಳು: ನನಗೆ ಬೇಡ, ಮಗಳಿಗೆ ಹೇಳಿ ಎಂದಳು. ತಪ್ಪಿದವನು ನಾನು.

ಎಂಟು ದಿನ ಕಳೆದರೂ ಅಜ್ಜಿ ಆಸ್ಪತ್ರೆಗೆ ಹೋಗಿರಲಿಲ್ಲ. "ಹೋದರಾತು" ಎಂದುಕೊಂಡಿದ್ದಳಂತೆ, ನನ್ನ ಮೆತ್ತನೆಯ ಮಾತಿನ ಫಲವದು. ಮರುದಿನ ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲೇ ಅವರ ಮನೆಗೆ ಹೋಗಿ, ಮಗಳನ್ನು ಕರೆದು, ಕಾಗದದಲ್ಲಿದ್ದುದನ್ನೆಲ್ಲ ಕನ್ನಡದಲ್ಲಿ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಇದು ನನಗೂ ಬರತೈತೇನ್ರಿ?" ಎಂದು ಕೇಳಿದಳು. ಅದನ್ನು ನಾನು ಹೇಳಲಾರೆ, ತಿಳಿಯಬೇಕೆನಿಸಿದರೆ ವೈದ್ಯರನ್ನು ಕೇಳಬಹುದು, ಬೇಡವೆನಿಸಿದರೆ ಅದೂ ನಿನ್ನ ಇಷ್ಟ ಎಂದೆನು. "ಮೊದಲ ಅವ್ವನ ಕರಕೊಂಡು ಹೋಗತೀನ್ರಿ" ಎಂದಳು.

ಜ್ಞಾನವೇ ಬೆಳಕೆಂದು ಈಗಲೂ ಪಾಠ ಹೇಳುತ್ತೇನೆ. ದೀಪವನ್ನು ಎದುರಿನವರ ಕಣ್ಣಿಗೆ ಹಿಡಿಯದೆ, ಅವರು ನಡೆಯುವ ದಾರಿಗೆ ಹಿಡಿಯಬೇಕೆಂಬುದನ್ನೂ ಈಗ ಸೇರಿಸುತ್ತೇನೆ.