ದಿಗ್ವ್ರತವೂ ಮೈಲೇಜೂ

ದಿನನಿತ್ಯದ ಓಡಾಟಕ್ಕೆ ಕಡಿಮೆ ಇಂಧನ ಕುಡಿಯುವ ವಾಹನವನ್ನು ಆರಿಸಿಕೊಳ್ಳುವುದು ಧರ್ಮಕ್ಕೆ ಸೇರಿದ ವಿಷಯವೇ, ಇಲ್ಲವೇ ಮನೆಯ ಖರ್ಚುವೆಚ್ಚದ ಲೆಕ್ಕ ಮಾತ್ರವೇ ಎಂಬ ಪ್ರಶ್ನೆಯನ್ನು ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರಿನಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ. ತೋಟಗದ್ದೆಗಳ ನಡುವೆ ಮನೆಗಳು ಒಂದರಿಂದೊಂದು ದೂರವಿರುವ, ರೈಲಿನ ಸೌಕರ್ಯವಿಲ್ಲದ ಈ ಸೀಮೆಯಲ್ಲಿ ಕಾಲೇಜು, ಆಸ್ಪತ್ರೆ, ಅಡಿಕೆ ವ್ಯಾಪಾರಗಳಿಗೆ ಶೃಂಗೇರಿಗೋ ಕೊಪ್ಪಕ್ಕೋ ಹೋಗಲೇಬೇಕಾದ್ದರಿಂದ ವಾಹನವೆಂಬುದು ವಿಲಾಸದ ವಸ್ತುವಲ್ಲ. ಆಯುಧಪೂಜೆಯಂದು ಬೈಕು, ಜೀಪುಗಳನ್ನು ತೊಳೆದು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜಿಸುವ ಸಮಾಜಕ್ಕೆ, ಪೂಜೆಗೆ ಅರ್ಹವಾದ ವಸ್ತುವಿನ ಆಯ್ಕೆಯೂ ಧರ್ಮವಿಚಾರಕ್ಕೆ ಅರ್ಹವೆಂಬುದು ಹೊಸ ಮಾತಾಗಬಾರದು.

ಮೈಲೇಜ್ ನೋಡಿ ವಾಹನ ಕೊಳ್ಳುವವನು ಹಣ ಉಳಿಸುತ್ತಾನೆ, ಆ ಲಾಭ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ಅದರಲ್ಲಿ ಧರ್ಮವನ್ನು ಹುಡುಕಬೇಕಾಗಿಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಮೀಮಾಂಸಾಶಾಸ್ತ್ರದಲ್ಲಿಯೇ ಇದಕ್ಕೆ ಉತ್ತರವಿದೆ. ಯಾಗಕ್ಕೆ ಬೇಕಾದ ಭತ್ತದ ಹೊಟ್ಟನ್ನು ಉಗುರಿನಿಂದ ಸುಲಿದು ತೆಗೆಯಲೂಬಹುದು, ಒನಕೆಯಿಂದ ಕುಟ್ಟಿ ತೆಗೆಯಲೂಬಹುದು. ಆದರೆ ಕುಟ್ಟಿಯೇ ತೆಗೆಯಬೇಕೆಂದು ವಿಧಿ ಹೇಳಿದಾಗ, ಹೊಟ್ಟು ಹೋಗುವುದು ಕಾಣುವ ಫಲವಾದರೂ, ಹಲವು ದಾರಿಗಳಲ್ಲಿ ಒಂದಕ್ಕೇ ತನ್ನನ್ನು ಕಟ್ಟಿಕೊಂಡದ್ದರಿಂದ ಕಾಣದ ಫಲವೊಂದು ಹುಟ್ಟುತ್ತದೆಂದು ಮೀಮಾಂಸಕರು ಒಪ್ಪುತ್ತಾರೆ. ಇಂಥ ಕಟ್ಟುಪಾಡಿಗೆ ನಿಯಮವಿಧಿ ಎಂದು ಹೆಸರು. ಇಂಧನದ ವಿಷಯದಲ್ಲಿ ಶ್ರುತಿಯ ವಿಧಿಯಿಲ್ಲವೆಂಬುದು ನಿಜವೇ. ಆದರೂ ಒಂದೇ ಕೆಲಸಕ್ಕೆ ಹಲವು ವಾಹನಗಳು ಸಾಕಾಗುವಾಗ ಕಡಿಮೆ ಹಾನಿಯದನ್ನೇ ಹಿಡಿಯುವೆನೆಂಬ ಸಂಕಲ್ಪದ ಸ್ವರೂಪ ಇದೇ ಬಗೆಯದು, ಮತ್ತು ಹಣದ ಉಳಿತಾಯ ಅದನ್ನು ಕೆಡಿಸುವುದಿಲ್ಲ.

ಗೃಹಸ್ಥನ ದಿನನಿತ್ಯದ ಬದುಕಿನಲ್ಲಿಯೇ ಹಿಂಸೆ ಅಡಗಿದೆಯೆಂಬ ಅರಿವು ಹಳೆಯದು. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಈ ಐದು ಎಡೆಗಳಲ್ಲಿ ತಿಳಿಯದೆಯೇ ಜೀವಹಾನಿಯಾಗುತ್ತದೆಂದು ಮನುಸ್ಮೃತಿ ಹೇಳಿ, ಅವುಗಳನ್ನು ಪಂಚಸೂನಾ, ಅಂದರೆ ಮನೆಯ ಐದು ವಧಾಸ್ಥಾನಗಳು ಎಂದು ಕರೆದು, ಪ್ರಾಯಶ್ಚಿತ್ತವಾಗಿ ಐದು ಮಹಾಯಜ್ಞಗಳನ್ನು ವಿಧಿಸುತ್ತದೆ. ಒಲೆಯ ಬೆಂಕಿಯೇ ಈ ಪಟ್ಟಿಯಲ್ಲಿರುವಾಗ ಎಂಜಿನ್ನಿನ ಬೆಂಕಿಯನ್ನು ಹೊರಗಿಡಲು ಕಾರಣ ಕಾಣದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಆದರೆ ಒಲೆಯ ಹೊಗೆ ಉರಿಸಿದವರ ಕಣ್ಣಿಗೇ ತಾಗುವಂತೆ ಇದರ ಹಾನಿ ಉರಿಸಿದವನಿಗೆ ತಾಗದೆ ದೂರದವರಿಗೂ ಇನ್ನೂ ಹುಟ್ಟದವರಿಗೂ ತಟ್ಟುತ್ತದೆ.

ಮನುಸ್ಮೃತಿಯ ಈ ಮಾತು ಆದ ಹಿಂಸೆಗೆ ಪರಿಹಾರ ಹೇಳುತ್ತದೆಯೇ ಹೊರತು ಹಿಂಸೆಯ ಅಳತೆಯನ್ನು ವಿಚಾರಿಸುವುದಿಲ್ಲ. ಆ ಕೆಲಸ ಮಾಡಿದವರು ಜೈನ ಆಚಾರ್ಯರು, ಮತ್ತು ಅವರ ಪರಂಪರೆ ಈ ಸೀಮೆಗೆ ಹೊರಗಿನದೇನಲ್ಲ: ಶಾರದಾಪೀಠದ ಶೃಂಗೇರಿಯ ಪೇಟೆಯ ನಡುವೆಯೇ ಪಾರ್ಶ್ವನಾಥ ಬಸದಿಯಿದೆ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಕ್ಷೇತ್ರವೂ ಜೈನಮಠವೂ ಇವೆ. ಶ್ರಾವಕ, ಅಂದರೆ ಜೈನ ಗೃಹಸ್ಥ, ಬೇಕೆಂದೇ ಮಾಡುವ ಹಿಂಸೆಯನ್ನು ಪೂರ್ತಿ ಬಿಡಬೇಕು. ಅಡುಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಆಗುವ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಗೃಹಸ್ಥನ ಮೂಲ ವ್ರತಗಳಾದ ಅಣುವ್ರತಗಳಿಗೆ ನೆರವಾಗುವ ಗುಣವ್ರತಗಳಲ್ಲಿ ಎರಡು ಇಲ್ಲಿ ಮುಖ್ಯವಾಗುತ್ತವೆ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು ಅನರ್ಥದಂಡವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಶ್ರಾವಕಾಚಾರವು ನೆಲ, ನೀರು, ಬೆಂಕಿ, ಗಾಳಿಗಳನ್ನು ಸುಮ್ಮನೆ ಕದಡುವುದರ ಜೊತೆಗೆ, ಕೆಲಸವಿಲ್ಲದೆ ತಾನು ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಇದೇ ದೋಷದಲ್ಲಿ ಸೇರಿಸುತ್ತದೆ. ನದಿ, ಕಾಡು, ಬೆಟ್ಟ, ಸಮುದ್ರಗಳನ್ನು ಗಡಿಯಾಗಿಟ್ಟುಕೊಂಡು ಬದುಕಿರುವಷ್ಟು ಕಾಲ ಅದನ್ನು ಮೀರಿ ಹೋಗೆನೆಂದು ನಿಶ್ಚಯಿಸುವುದು ದಿಗ್ವ್ರತ. ಗಡಿಯ ಆಚೆ ಸೂಕ್ಷ್ಮ ಪಾಪವನ್ನೂ ಮಾಡದ ಕಾರಣ, ಅಷ್ಟು ಮಟ್ಟಿಗೆ ಗೃಹಸ್ಥನ ಅಣುವ್ರತಗಳೇ ಮುನಿಯ ಮಹಾವ್ರತಗಳಿಗೆ ಸಮನಾಗುತ್ತವೆಂಬ ವಿವರಣೆ ಅಪೂರ್ವವಾದದ್ದು: ಹೋಗದಿರುವುದೂ ಒಂದು ಸಾಧನೆಯೆಂದು ಇಷ್ಟು ಸ್ಪಷ್ಟವಾಗಿ ಹೇಳಿದ ಶಾಸ್ತ್ರ ವಿರಳ.

ಅನರ್ಥವೆಂಬ ಈ ಅಳತೆಗೋಲು ವಾಹನದ ಆಯ್ಕೆಯಲ್ಲಿ ಬಹಳ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಕಾರಿನ ಕಂಪನಿ ಹೇಳುವ ಮೈಲೇಜ್ ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ ಚಕ್ರ ತಿರುಗಿಸಿ, ಸಪಾಟಾದ ರಸ್ತೆಯನ್ನು ಅನುಕರಿಸಿ ಪಡೆದದ್ದು. ಮಲೆನಾಡಿನ ರಸ್ತೆಯ ಲೆಕ್ಕ ಬೇರೆ. 1,000 ಕಿಲೋಗ್ರಾಂ ತೂಗುವ ಕಾರು 100 ಮೀಟರ್ ಎತ್ತರಕ್ಕೆ ಏರಲು, ಎಂಜಿನ್ನು ಇಂಧನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆಂದಿಟ್ಟುಕೊಂಡರೆ, ಸಪಾಟು ರಸ್ತೆಯ ಖರ್ಚಿನ ಮೇಲೆ ಸುಮಾರು 120 ಮಿಲಿಲೀಟರ್ ಪೆಟ್ರೋಲ್ ಬೇಕು. 1,500 ಕಿಲೋಗ್ರಾಮಿನದಕ್ಕೆ 180 ಮಿಲಿಲೀಟರ್. ಕಡಿದಾದ ದಾರಿಯಲ್ಲಿ ಇಳಿಯುವಾಗ ಈ ಶಕ್ತಿಯಲ್ಲಿ ಬಹಳಷ್ಟು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ವಾಹನವೂ ಹೈಬ್ರಿಡ್ ವಾಹನವೂ ಅದರಲ್ಲಿ ಒಂದಂಶವನ್ನು ಬ್ಯಾಟರಿಗೆ ಮರಳಿಸುವುದರಿಂದ ಘಟ್ಟದ ಸೀಮೆಗೆ ಹೊಂದುತ್ತವೆ. ಆದರೆ ವಿದ್ಯುತ್ತೂ ನಿರ್ದೋಷಿಯಲ್ಲ, ಅದರ ಹಿಂದೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಕಾಡೂ ಊರುಗಳೂ, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲೂ ಇವೆ. ಹಾಗೆಂದು ಹಗುರವಾದದ್ದೇ ಯಾವಾಗಲೂ ಧರ್ಮ್ಯವೆಂದೂ ಹೇಳಲಾಗದು. ಆಷಾಢದ ಮಳೆಯಲ್ಲಿ ಕೆಸರಾದ ಮಣ್ಣಿನ ಏರನ್ನು ಹತ್ತಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ, ಕೊಯ್ಲಿನ ಕಾಲದಲ್ಲಿ ಅಡಿಕೆ ಮೂಟೆ ಹೊರುವ ಜೀಪು ಸುಡುವ ಡೀಸೆಲ್ ಸಾರ್ಥಕವಾದದ್ದು; ಅದೇ ಜೀಪು ಒಬ್ಬನನ್ನೇ ಕೂರಿಸಿಕೊಂಡು ಒಂದು ಪೊಟ್ಟಣಕ್ಕಾಗಿ ಪೇಟೆಗೆ ಹೋದರೆ ಅನರ್ಥದಂಡ. ದೋಷವನ್ನು ನಿರ್ಣಯಿಸಬೇಕಾದದ್ದು ವಾಹನವನ್ನೂ ಪ್ರಯಾಣವನ್ನೂ ಜೊತೆಗಿಟ್ಟು.

ಮೈಲೇಜಿನ ನೀತಿ ಸೋಲುವುದು ಇಲ್ಲಿಯೇ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ, ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡಲು ಕಲಿತಂತೆ ದೇಶದ ಒಟ್ಟು ಕಲ್ಲಿದ್ದಲಿನ ಬಳಕೆ ಇಳಿಯದೆ ಏರುತ್ತದೆಂದು ವಾದಿಸಿದರು. ಲೀಟರಿಗೆ ಹೆಚ್ಚು ದೂರ ಓಡುವ ವಾಹನ ಬಂದ ಮನೆಯಲ್ಲಿಯೂ ಖರ್ಚಿನ ಅಂಜಿಕೆ ಕಳೆದು ಓಡಾಟ ಬೆಳೆದರೆ, ಉಳಿದ ಇಂಧನ ಹೊಸ ದಾರಿಗಳಲ್ಲಿ ಸುಟ್ಟುಹೋಗುತ್ತದೆ. ಯಂತ್ರದ ಸುಧಾರಣೆ ಆಸೆಯನ್ನು ಮುಟ್ಟಲಾರದು, ವ್ರತ ಮುಟ್ಟಬಲ್ಲದು. ಆದ್ದರಿಂದ ಎಷ್ಟು ದೂರ, ಯಾವ ಕೆಲಸಕ್ಕೆ, ವಾರಕ್ಕೆ ಎಷ್ಟು ಸಲ ಎಂಬ ಗಡಿಯನ್ನು ಮೊದಲು ಹಾಕಿಕೊಂಡು ಅನಂತರ ವಾಹನವನ್ನು ಆರಿಸುವವನದ್ದೇ ಧರ್ಮದ ಆಯ್ಕೆ ಎನ್ನಬೇಕು. ಇದು ಸಂನ್ಯಾಸಿಯ ತ್ಯಾಗವಲ್ಲ, ಗೃಹಸ್ಥನ ಕೈಗೆಟುಕುವ ಪರಿಮಿತಿ.

ಆದರೆ ಒಬ್ಬನ ವ್ರತ ಅವನೊಬ್ಬನ ಮನೋಬಲದಿಂದ ಮಾತ್ರ ನಿಲ್ಲುವುದಿಲ್ಲ. ಘಟ್ಟದ ಏರಿಳಿತದಲ್ಲಿ ಲೀಟರಿಗೆ ನಾಲ್ಕೇ ಕಿಲೋಮೀಟರ್ ಓಡುವ ಬಸ್ಸು ನಲವತ್ತು ಜನರನ್ನು ಹೊತ್ತರೆ, ಅದೇ ಲೀಟರಿನಲ್ಲಿ 160 ಕಿಲೋಮೀಟರ್ ಪ್ರಯಾಣವನ್ನು ಹಂಚಿದಂತಾಗುತ್ತದೆ. ಒಬ್ಬನೇ ಕೂತ ಯಾವ ಕಾರೂ ಇದರ ಹತ್ತಿರ ಬಾರದು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಆರಂಭಿಸಿದ ಸಹಕಾರ ಸಾರಿಗೆ ಸುಮಾರು ಮೂರು ದಶಕ ಮಲೆನಾಡಿನ ಒಳಊರುಗಳಿಗೆ ಈ ಸೇವೆ ಸಲ್ಲಿಸಿ, ಖರ್ಚಿನ ಭಾರ ತಾಳಲಾರದೆ 2020ರಲ್ಲಿ ನಿಂತಿತು. ಬಸ್ಸು ತಪ್ಪಿದ ಊರಿನಲ್ಲಿ ಮನೆಮನೆಗೂ ವಾಹನ ಕೊಳ್ಳುವುದು ಅನಿವಾರ್ಯವಾಗುವುದರಿಂದ, ಅಲ್ಲಿ ಹೆಚ್ಚಿದ ಹೊಗೆಯ ಪಾಪದಲ್ಲಿ ಕೊಂಡವನ ಪಾಲಿಗಿಂತ, ಬಸ್ಸನ್ನು ಉಳಿಸಿಕೊಳ್ಳಬಹುದಾಗಿದ್ದ ಸಮುದಾಯದ ಮತ್ತು ಪ್ರಭುತ್ವದ ಪಾಲು ದೊಡ್ಡದು.