ಲೆಕ್ಕವಿಲ್ಲದ ಕೆಲಸ

ನಮ್ಮ ಮನೆ ಇರುವುದು ಕೊಪ್ಪದ ಕಡೆಯ ಒಂದು ಗುಡ್ಡದ ಓರೆಯಲ್ಲಿ. ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಮಣ್ಣಿನ ಹಾದಿ ಹತ್ತಬೇಕು. ಬೇಸಗೆಯಲ್ಲಿ ಎಂಥ ಕಾರಾದರೂ ಬರುತ್ತದೆ. ಮೃಗಶಿರ ಮಳೆ ಹಿಡಿದ ಮೇಲೆ ಜೀಪು ಬಿಟ್ಟರೆ ಬೇರೆ ಗತಿಯಿಲ್ಲ. ನಮ್ಮದು 1993ರ ಮಹೀಂದ್ರ ಜೀಪು, ಪೂಜೋ ಡೀಸೆಲ್ ಎಂಜಿನ್ನಿನದು. ನಮ್ಮ ಮನೆಯವರು ಅದನ್ನು 2001ರಲ್ಲಿ ಒಬ್ಬ ಕಾಫಿ ಪ್ಲಾಂಟರರಿಂದ ಕೊಂಡರು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಅದರ ನೋಂದಣಿ ನವೀಕರಿಸಿಕೊಂಡು ಬಂದಿದ್ದೇವೆ. ನನ್ನ ಮಗಳು ಅದನ್ನು 'ಅಪ್ಪನ ಮೊದಲ ಮಗ' ಎಂದು ಕರೆಯುತ್ತಾಳೆ.

ಪ್ರತಿ ವರ್ಷ ರೋಹಿಣಿ ಮಳೆಯ ಹೊತ್ತಿಗೆ, ಮೇ ತಿಂಗಳ ಕೊನೆಯ ಭಾನುವಾರಗಳಲ್ಲಿ, ಇವರ ಗೆಳೆಯರೆಲ್ಲ ನಮ್ಮ ಮನೆಯಲ್ಲಿ ಸೇರುತ್ತಾರೆ. ಮಳೆಗಾಲಕ್ಕೆ ಜೀಪನ್ನು ಅಣಿ ಮಾಡುವುದು ಅವರಿಗೆ ಒಂದು ಹಬ್ಬ. ಒಬ್ಬರು ನಿವೃತ್ತ ಲೈನ್‌ಮ್ಯಾನ್. ಒಬ್ಬರು ಎಸ್ಟೇಟಿನ ರೈಟರು. ಒಬ್ಬನಿಗೆ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ. ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಅವನೂ ರಜೆ ಹೊಂದಿಸಿಕೊಂಡು ಬರುತ್ತಾನೆ. ಅಡಿಕೆ ಒಣಗಿಸುವ ಅಂಗಳದ ಬದಿಯ ಕೊಟ್ಟಿಗೆಯಲ್ಲಿ ಜಾಕಿ ಏರಿಸಿ, ಗೋಣಿಚೀಲ ಹಾಸಿ, ಒಬ್ಬೊಬ್ಬರಾಗಿ ಅಡಿಗೆ ತೂರುತ್ತಾರೆ. ಪ್ಲೇಟು ಕಟ್ಟಿನ ಸಂದಿಯ ಕೆಸರು ಕೆರೆಯುವುದು, ಯು-ಬೋಲ್ಟು ಬಿಗಿಯುವುದು, ಗ್ರೀಸು ಹೊಡೆಯುವುದು, ನಾಲ್ಕು ಗಾಲಿಗೂ ಎಳೆತ ಕೊಡುವ ಗೇರಿನ ಎಣ್ಣೆ ನೋಡುವುದು. ಸಂಜೆಗೆ ಐವರ ಮುಖವೂ ಒಂದೇ ಬಣ್ಣ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕು, ಕೈಗೆ ಸಿಕ್ಕ ಸಲಕರಣೆಯಲ್ಲಿ ಸೈನಿಕರೇ ರಿಪೇರಿ ಮಾಡಿಕೊಳ್ಳುವಂತಿರಬೇಕು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಅವನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಆ ಗುಣ ನಮ್ಮ ಮಲೆನಾಡಿನ ಜೀಪುಗಳಿಗೂ ಬಂತು. ಈಗಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ಜೀಪಿನ ಬಾನೆಟ್ ಎತ್ತಿದರೆ ನಾಲ್ಕು ಜನ ಬಗ್ಗಿ ಮಾತಾಡುವಷ್ಟು ಜಾಗವಿದೆ. ಗೆಳೆಯರು ಸೇರುವುದಕ್ಕೆ ಆ ಜಾಗವೂ ಒಂದು ಕಾರಣವಿರಬೇಕು.

ನಾನು ಹೇಳಹೊರಟಿರುವುದು ಜೀಪಿನ ವಿಷಯವಲ್ಲ, 2016ರ ಜೂನ್ ತಿಂಗಳಲ್ಲಿ ನನ್ನನ್ನು ಹಿಡಿದುಕೊಂಡ ಒಂದು ಪ್ರಶ್ನೆ. ದುಡ್ಡು ತೆಗೆದುಕೊಳ್ಳದೆ ಪ್ರೀತಿಯಿಂದ ಕೆಲಸ ಮಾಡಿಕೊಟ್ಟವರ ಕೆಲಸದಲ್ಲಿ ತಪ್ಪಾದರೆ, ಅದನ್ನು ಅವರಿಗೆ ಹೇಳಬೇಕೆ, ಬೇಡವೆ?

ಆ ಭಾನುವಾರ ಹಿಂದಿನ ಎಡಗಾಲಿಯ ಬ್ರೇಕು ಬಿಚ್ಚಿದ್ದರು. ಒಳಗಿನ ಸಿಲಿಂಡರು ಸೋರುತ್ತಿತ್ತು. ಹೊಸದು ಕೂರಿಸಿ, ಪೈಪಿನ ಗಾಳಿ ತೆಗೆದರು. ಅದಕ್ಕೆ ಇಬ್ಬರು ಬೇಕು. ಒಬ್ಬ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಲಿಯ ಹತ್ತಿರ ನಿಪ್ಪಲು ಸಡಿಲಿಸಿ ಗುಳ್ಳೆ ಬರುವುದು ನಿಂತಿತೇ ಎಂದು ನೋಡಬೇಕು. 'ಒತ್ತು', 'ಹಿಡಿ', 'ಬಿಡು' ಎಂಬ ಕೂಗು ಅಡಿಗೆಮನೆಗೆ ಕೇಳುತ್ತಿತ್ತು. ಆಮೇಲೆ ಲೈನ್‌ಮ್ಯಾನರು ಗಾಲಿ ಕೂರಿಸಿ ಐದು ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಸ್ಪ್ಯಾನರಿನಲ್ಲಿ ಒಂದು ಸುತ್ತು ಹಿಡಿದರು. ಗಾಲಿ ನೆಲದಿಂದ ಮೇಲಿರುವಾಗ ಅಷ್ಟೇ ಸಾಧ್ಯ, ಇಲ್ಲವಾದರೆ ಗಾಲಿಯೇ ತಿರುಗುತ್ತದೆ. ಜಾಕಿ ಇಳಿಸಿದ ಮೇಲೆ ಮೈಭಾರ ಹಾಕಿ ಕೊನೆಯ ಬಿಗಿ ಬಿಗಿಯಬೇಕು. ಅಷ್ಟರಲ್ಲಿ ನಾನು ಹೊರಗೆ ಬಂದು ಕೂಗಿದೆ: "ಕಡುಬು ತಣ್ಣಗಾಗ್ತದೆ, ಎದ್ದು ಬನ್ನಿ, ಕಾಫಿನೂ ಆಗಿದೆ." ಲೈನ್‌ಮ್ಯಾನರು ಸ್ಪ್ಯಾನರು ಕೆಳಗಿಟ್ಟು ಎದ್ದರು. ಇಟ್ಟದ್ದನ್ನು ನಾನೇ ನೋಡಿದೆ. ತಿಂಡಿ ಆದಮೇಲೆ ಹುಡುಗ ಬಂದು ಜಾಕಿ ಇಳಿಸಿದ. ಬಿಗಿ ಆಗಿದೆ ಎಂದು ಅವನು ತಿಳಿದ. ಹುಡುಗ ಬಿಗಿದಿರುತ್ತಾನೆ ಎಂದು ಲೈನ್‌ಮ್ಯಾನರು ತಿಳಿದರು. ಒಬ್ಬರೇ ಕೆಲಸ ಮಾಡಿದ್ದರೆ ಆ ನಟ್ಟುಗಳು ಬಹುಶಃ ಸಡಿಲ ಉಳಿಯುತ್ತಿರಲಿಲ್ಲ. ಐದು ಜನ ಇದ್ದದ್ದರಿಂದಲೇ ಉಳಿದವು.

ಗುರುವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ. ಇವರು ಜೀಪು ಬಿಡುತ್ತಿದ್ದರು. ದಾರಿಯ ಕೂಲಿಲೈನಿನ ಇಬ್ಬರು ಹೆಣ್ಣುಮಕ್ಕಳನ್ನು ಮಳೆಗಾಲದಲ್ಲಿ ನಾವು ಹಿಂದೆ ಕೂರಿಸಿಕೊಂಡು ಹೋಗುವ ರೂಢಿ. ಇಳಿಜಾರಿನ ತಿರುವಿನಲ್ಲಿ ಹಿಂದೆ 'ಟಕ್ ಟಕ್' ಸದ್ದು ಕೇಳಿ ಇವರು ಬ್ರೇಕು ಒತ್ತುವಷ್ಟರಲ್ಲಿ ಗಾಲಿ ಕಳಚಿ ನಮ್ಮ ಪಕ್ಕದಲ್ಲೇ ಉರುಳಿ ಹೋಯಿತು. ಜೀಪು ಧರೆಯ ಕಡೆಗೆ ಒರಗಿ ನಿಂತಿತು. ಬಲಗಡೆ ಇದ್ದದ್ದು ನೂರು ಅಡಿ ಕಣಿವೆ. ಎಂಟನೇ ಕ್ಲಾಸಿನ ಹುಡುಗಿ ಕಬ್ಬಿಣದ ಸರಳಿಗೆ ಬಡಿದು ಎಡಗೈ ಮುರಿದುಕೊಂಡಳು. ಅವಳು ಅಳಲಿಲ್ಲ. "ಟೀಚರ್, ಪುಸ್ತಕ ಒದ್ದೆ ಆಗ್ತದೆ" ಎಂದಳು.

ಆಸ್ಪತ್ರೆಯ ಖರ್ಚನ್ನೆಲ್ಲ ನಾವೇ ಕೊಟ್ಟೆವು. ಹುಡುಗಿಯ ಅಪ್ಪ ತೋಟದ ಕೆಲಸ ಬಿಟ್ಟು ಓಡಿ ಬಂದಿದ್ದ. "ಹೆಂಗಾತು ಟೀಚರ್ರೇ?" ಎಂದು ಕೇಳಿದ. "ಹಳೇ ಗಾಡಿ ಕಣಪ್ಪಾ" ಎಂದೆ. ಸುಳ್ಳಲ್ಲ, ಗಾಡಿ ಹಳೆಯದೇ. ಆದರೆ ಇಪ್ಪತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಕೇಳಿದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗೆ ಸರಿಯುತ್ತರ ಬರೆದರೆ ಸೊನ್ನೆ ಕೊಡುತ್ತೇನೆ.

ಗೆಳೆಯರೆಲ್ಲ ಬಂದು ಜೀಪು ಎತ್ತಿ ನಿಲ್ಲಿಸಿದರು. ಎರಡು ಸ್ಟಡ್ಡು ತುಂಡಾಗಿದ್ದವು, ಮೂರು ನಟ್ಟು ಕಾಣೆಯಾಗಿದ್ದವು. ಎಲ್ಲರಿಗೂ ಅರ್ಥವಾಯಿತು. ಯಾರೂ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯವರು ರಾತ್ರಿ ಹೇಳಿದರು, "ಪಾಪ, ಪುಕ್ಕಟೆ ಮಾಡ್ಕೊಟ್ಟೋರಿಗೆ ಏನಂತ ಹೇಳೋದು? ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು." ನನಗೂ ಅದೇ ದೊಡ್ಡತನ ಅನ್ನಿಸಿತು. ಆದರೆ ಮರುವಾರದಿಂದ ಲೈನ್‌ಮ್ಯಾನರು ನಮ್ಮ ಮನೆಗೆ ಬರುವುದು ನಿಂತಿತು.

ಗ್ಯಾರೇಜಿನವನು ಹೀಗೆ ಮಾಡಿದ್ದರೆ ನಾವು ಏನು ಮಾಡುತ್ತಿದ್ದೆವು? ಅಂದೇ ಹೋಗಿ ಜಗಳವಾಡುತ್ತಿದ್ದೆವು. ಬಿಲ್ಲು ಕೊಟ್ಟಿದ್ದೇವೆ, ಕೇಳುವ ಹಕ್ಕಿದೆ ಎನ್ನುತ್ತಿದ್ದೆವು. ಹಾಗಾದರೆ ತಪ್ಪು ಕೇಳುವ ಹಕ್ಕು ದುಡ್ಡಿನಿಂದ ಮಾತ್ರ ಬರುತ್ತದೆಯೇ? ನಟ್ಟಿಗೆ ಸ್ನೇಹವೂ ಗೊತ್ತಿಲ್ಲ, ಬಿಲ್ಲೂ ಗೊತ್ತಿಲ್ಲ. ಮುರಿದ ಕೈಗೂ ಗೊತ್ತಿಲ್ಲ.

ಆಗ ನನಗೆ ನೆನಪಾದದ್ದು ನಮ್ಮ ಅಮ್ಮನ ಕಾಲದ ಮುಯ್ಯಾಳು. 1970ರ ದಶಕದಲ್ಲಿ ನಾನು ಚಿಕ್ಕವಳು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಲಾಟೀನು ಇಟ್ಟುಕೊಂಡು ಅಕ್ಕಪಕ್ಕದ ಮನೆಯವರೆಲ್ಲ ನಮ್ಮ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ನಾಳೆ ನಾವು ಅವರ ಮನೆಗೆ. ನೆಟ್ಟಿಗೂ ಹಾಗೆಯೇ. ಕೂಲಿ ಇಲ್ಲ, ಆಳಿಗೆ ಆಳು. ಅಮ್ಮ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ, ಆದರೆ ಯಾವ ಮನೆಗೆ ಎಷ್ಟು ಆಳು ತೀರಿಸಬೇಕೆಂಬುದು ಅವಳಿಗೆ ಬಾಯಿಪಾಠ. ಯಾರಾದರೂ ಅಡಿಕೆಗೆ ಕತ್ತಿ ತಾಗಿಸಿ ಗಾಯ ಮಾಡಿದರೆ ಅಮ್ಮ ಅಲ್ಲೇ ಹೇಳುತ್ತಿದ್ದಳು: "ಏನೇ, ನಿಮ್ಮನೇಲೂ ಹಿಂಗೇ ಸುಲೀತೀಯಾ?" ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಮುಂದಿನ ಅಡಿಕೆ ಸರಿಯಾಗಿ ಸುಲಿಯುತ್ತಿದ್ದಳು. ಲೆಕ್ಕವಿದ್ದದ್ದರಿಂದ ದೂರು ಹೇಳುವ ಸಲಿಗೆಯೂ ಇತ್ತು. ಲೆಕ್ಕವೆಂದರೆ ಸಣ್ಣತನ ಎಂದು ತಿಳಿದ ನಾವು ಲೆಕ್ಕವನ್ನು ಬಿಟ್ಟೆವು. ಅದರ ಜೊತೆಗೆ ಸಲಿಗೆಯನ್ನೂ ಬಿಟ್ಟೆವೇನೋ.

ಲೆಕ್ಕ ಇಡುವುದರಲ್ಲಿ ಅಪಾಯವಿಲ್ಲವೆಂದಲ್ಲ. ಹರಿಕತೆಯಲ್ಲಿ ಕೇಳಿದ್ದೀರಿ: ಯುದ್ಧದಲ್ಲಿ ದಶರಥನ ರಥದ ಗಾಲಿ ಕಳಚುವಂತಾದಾಗ ಕೈಕೇಯಿ ಅಚ್ಚಿಗೆ ತನ್ನ ಬೆರಳನ್ನೇ ಕೀಲಾಗಿ ಕೊಟ್ಟಳು. ಅವನು ಸಂತೋಷದಿಂದ ಎರಡು ವರ ಕೊಟ್ಟ. ಅವಳು ಆಗ ತೆಗೆದುಕೊಳ್ಳಲಿಲ್ಲ, ಇಟ್ಟುಕೊಂಡಳು. ಬೆರಳು ಕೊಟ್ಟ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಲೆಕ್ಕವಿರಲಿಲ್ಲ ಎಂದೇ ನನ್ನ ನಂಬಿಕೆ. ತೀರಿಸದೆ ಉಳಿದ ಋಣ ವರ್ಷಗಟ್ಟಲೆ ಕೂತು ಹುಳಿಯಿತು, ಕೊನೆಗೆ ರಾಮನನ್ನು ಕಾಡಿಗೆ ಕಳಿಸಿತು. ಮುಯ್ಯಾಳಿನಲ್ಲಿ ಹಾಗಾಗುತ್ತಿರಲಿಲ್ಲ. ಅದೇ ಹಂಗಾಮಿನಲ್ಲಿ ತೀರಿಹೋಗುತ್ತಿತ್ತು.

ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ನನಗೆ ಒಂದು ವಿಷಯವಾಗಿತ್ತು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎಂಟು ಮತ್ತು ಒಂಬತ್ತನೆಯ ಭಾಗಗಳನ್ನು ಸ್ನೇಹಕ್ಕೇ ಮೀಸಲಿಟ್ಟಿದ್ದಾನೆ. ಸ್ನೇಹದಲ್ಲಿ ಅವನು ಮೂರು ಬಗೆ ಮಾಡುತ್ತಾನೆ: ಪ್ರಯೋಜನಕ್ಕಾಗಿ, ಸಂತೋಷಕ್ಕಾಗಿ, ಒಳ್ಳೆಯತನಕ್ಕಾಗಿ. ದೂರುಗಳು ಹುಟ್ಟುವುದು ಹೆಚ್ಚಾಗಿ ಮೊದಲನೆಯದರಲ್ಲಿ ಎನ್ನುತ್ತಾನೆ. ಒಳ್ಳೆಯತನದ ಸ್ನೇಹದಲ್ಲಿ ಇಬ್ಬರೂ ಉಪಕಾರ ಮಾಡುವುದರಲ್ಲೇ ಪೈಪೋಟಿ ನಡೆಸುವುದರಿಂದ ದೂರಿಗೆ ಜಾಗವಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆ ಮಳೆಗಾಲದಲ್ಲಿ ಮಾತ್ರ ನನಗೊಂದು ಅನುಮಾನ ಬಂತು. ಕೊಡುವವನಿಗೂ ಪಡೆಯುವವನಿಗೂ ನಡುವೆ ದೂರಿಲ್ಲದಿರಬಹುದು. ಅವರಿಬ್ಬರ ಸ್ನೇಹದ ಗಾಡಿಯಲ್ಲಿ ಹಿಂದೆ ಕೂತ ಮೂರನೆಯವರ ಗತಿ? ನಾವು ಲೈನ್‌ಮ್ಯಾನರನ್ನು ಕ್ಷಮಿಸಿಬಿಟ್ಟೆವು, ನಿಜ. ಆದರೆ ಕ್ಷಮಿಸಲು ಮುರಿದದ್ದು ನಮ್ಮ ಕೈಯಾಗಿರಲಿಲ್ಲ.

ಒಂದು ಸಂಜೆ ಕೂಲಿಲೈನಿಗೆ ನಡೆದು ಹೋದೆ. ಹುಡುಗಿಯ ಅಪ್ಪನಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಗಾಲಿಯ ನಟ್ಟು ಬಿಗಿದಿರಲಿಲ್ಲ, ಬಿಗಿಯುವ ಹೊತ್ತಿನಲ್ಲಿ ತಿಂಡಿಗೆ ಕರೆದವಳು ನಾನು, ಮತ್ತೆ ನೋಡದೆ ಗಾಡಿ ತೆಗೆದವರು ನಮ್ಮ ಮನೆಯವರು. ಲೈನ್‌ಮ್ಯಾನರ ಹೆಸರು ಹೇಳಲಿಲ್ಲ. ಅದನ್ನು ಹೇಳಬೇಕಾದವರು ಅವರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗು ಕೈ ನೆಟ್ಟಗಾದ್ರೆ ಸಾಕು ಟೀಚರ್ರೇ" ಎಂದ. ನಾನು ಎದ್ದು ಹೊರಡುವಾಗ, "ಇನ್ಮೇಲೆ ಅವ್ರು ನಡ್ಕೊಂಡೇ ಹೋಗ್ಲಿ" ಎಂದ. ಕೋಪದಲ್ಲಿ ಹೇಳಿದ್ದಲ್ಲ. ನಿಜ ಹೇಳಿದ್ದಕ್ಕೆ ಬೆನ್ನು ತಟ್ಟುತ್ತಾರೆಂದು ಒಳಗೊಳಗೇ ಕಾದಿದ್ದೆನೇನೋ, ಆ ಮಾತು ಚುಚ್ಚಿತು. ಆದರೆ ನಿಜವನ್ನು ಕೊಟ್ಟ ಮೇಲೆ ಅದರಿಂದ ಏನು ಮಾಡಬೇಕೆಂಬುದು ಪಡೆದವರ ಹಕ್ಕು. ಮೊದಲ ದಿನ ಆ ಹಕ್ಕನ್ನೇ ನಾನು ಅವನಿಗೆ ಕೊಟ್ಟಿರಲಿಲ್ಲ. ಆಸ್ಪತ್ರೆಯ ಬಿಲ್ಲು ಕೊಟ್ಟು ಅದನ್ನು ಮುಚ್ಚಿದ್ದೆ.

ಅಲ್ಲಿಂದ ಲೈನ್‌ಮ್ಯಾನರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತಿದ್ದರು. ನಾನು ಪೀಠಿಕೆ ಹಾಕಲಿಲ್ಲ. "ನೀವು ನಟ್ಟು ಬಿಗಿಯದೆ ಎದ್ರಿ. ನಾನು ಕರೆದೆ, ಅದೂ ತಪ್ಪೇ. ಆದ್ರೆ ಸ್ಪ್ಯಾನರು ನಿಮ್ಮ ಕೈಲಿತ್ತು" ಎಂದೆ. ಅವರ ಕಣ್ಣು ತುಂಬಿತು. "ಅತ್ತಿಗೆ, ನೀವು ಬೈತೀರಿ ಅಂತ ಮೂರು ವಾರ ಕಾದೆ. ಯಾರೂ ಬೈಲಿಲ್ಲ. ನಾನು ನಿಮಗೆಲ್ಲ ಹೊರಗಿನವನಾಗಿಬಿಟ್ಟೆ ಅಂದ್ಕೊಂಡೆ" ಎಂದರು.

ನಾವು ದೊಡ್ಡತನವೆಂದು ತಿಳಿದ ಮೌನ ಆ ಮನುಷ್ಯನಿಗೆ ಬಹಿಷ್ಕಾರವಾಗಿ ಮುಟ್ಟಿತ್ತು. ನೆಂಟರಿಗೆ ಅನ್ನ ಸೀದರೂ ಚೆನ್ನಾಗಿದೆ ಎನ್ನುತ್ತಾರೆ. ಮನೆಯವರೇ 'ಸೀದಿದೆ' ಎನ್ನುವುದು. ತಪ್ಪು ಹೇಳದೆ ಬಿಟ್ಟಾಗ ನಾವು ಅವರನ್ನು ನೆಂಟರ ಸಾಲಿಗೆ ತಳ್ಳಿದ್ದೆವು. ಬೈಯುವುದೆಲ್ಲ ಪ್ರೀತಿಯೆಂದು ನಾನು ಹೇಳುತ್ತಿಲ್ಲ. ಹಂಗಿಸುವುದಕ್ಕೂ ತಪ್ಪು ಹೇಳುವುದಕ್ಕೂ ವ್ಯತ್ಯಾಸವಿದೆ. ನನಗೆ ಕಂಡ ಗುರುತು ಇಷ್ಟೇ: ಹೇಳುವವರು ಆ ತಪ್ಪಿನಲ್ಲಿ ತಮ್ಮ ಪಾಲನ್ನೂ ಸೇರಿಸಿ ಹೇಳುತ್ತಾರೋ ಇಲ್ಲವೋ ನೋಡಬೇಕು.

ಅವರು ಮರುದಿನವೇ ಹುಡುಗಿಯ ಮನೆಗೆ ಹೋಗಿ ಬಂದರಂತೆ. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಿಲ್ಲ. ಆ ಹುಡುಗಿ ಆಮೇಲೆ ನಮ್ಮ ಜೀಪು ಹತ್ತಲಿಲ್ಲ, ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಕೊಡೆ ಹಿಡಿದು ನಡೆದೇ ಹೋದಳು. ಮಳೆಯಲ್ಲಿ ಅವಳನ್ನು ದಾಟಿ ಹೋಗುವಾಗ ಪ್ರತಿದಿನ ನನ್ನ ಎದೆ ಭಾರವಾಗುತ್ತಿತ್ತು. ಅದನ್ನು ತೀರಿಸುವ ಮುಯ್ಯಿ ನನಗೆ ಸಿಕ್ಕಿಲ್ಲ. ಈಗ ಅವಳು ನರ್ಸಿಂಗ್ ಓದಿ ಕೆಲಸದಲ್ಲಿದ್ದಾಳೆ. ಊರಿಗೆ ಬಂದರೆ ಮಾತಾಡಿಸುತ್ತಾಳೆ.

ಗೆಳೆಯರು ಈಗಲೂ ಮೇ ತಿಂಗಳಲ್ಲಿ ಸೇರುತ್ತಾರೆ. ಒಂದು ನಿಯಮ ಬಂದಿದೆ. ಗಾಲಿ ಬಿಚ್ಚಿದವರೇ ಅದನ್ನು ಬಿಗಿಯಬೇಕು, ಬಿಗಿದು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು, ಇನ್ನೊಬ್ಬರು ಸ್ಪ್ಯಾನರು ಹಿಡಿದು ನೋಡಬೇಕು. ಸೀಮೆಸುಣ್ಣ ಒದಗಿಸುವುದು ನನ್ನ ಕೆಲಸ. ಜಾಕಿ ಇಳಿದು, ಐದು ನಟ್ಟಿಗೂ ಗುರುತು ಬಿದ್ದ ಮೇಲೆಯೇ ನಾನು ಕಾಫಿಗೆ ನೀರಿಡುವುದು. ಕಡುಬು ತಣ್ಣಗಾಗುತ್ತದೆ. ಆಗಲಿ.