ಹಗುರ ಪಾದರಕ್ಷೆ ಮತ್ತು ಅಪರಿಗ್ರಹ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ಒಂದರ ಹಿಂದೊಂದರಂತೆ ಮುಗಿಸಬೇಕಾದ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಅದರ ದೀರ್ಘ ರೂಪದಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದ ಮೇಲೆ 42.2 ಕಿ.ಮೀ. ಓಡಬೇಕಾಗುತ್ತದೆ. ಬೆಂಗಳೂರಿನ ಯಲಹಂಕದಿಂದ ನಂದಿಬೆಟ್ಟದ ಕಡೆಗೆ ಸೈಕಲ್ ತುಳಿದು, ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳ ನೆರಳಲ್ಲಿ ಓಡಿ ಇದಕ್ಕೆ ಸಿದ್ಧರಾಗುವವರಿಗೆ ಎದುರಾಗುವ ಶೂ ಆಯ್ಕೆಯ ಪ್ರಶ್ನೆ ಮೇಲ್ನೋಟಕ್ಕೆ ಸಲಕರಣೆಯದಾಗಿ ಕಂಡರೂ, ಕರ್ನಾಟಕದ ಜೈನ ಪರಂಪರೆ ಬಹುಕಾಲ ಚಿಂತಿಸಿದ ಅಪರಿಗ್ರಹದ, ಅಂದರೆ ವಸ್ತುಗಳನ್ನು ಕೂಡಿಡದಿರುವ ವ್ರತದ, ಪ್ರಶ್ನೆಯೂ ಆಗಿದೆ.

ಒಂದೊಂದು ಶೂ 100 ಗ್ರಾಂ ಹೆಚ್ಚು ತೂಗಿದರೆ ಓಟಕ್ಕೆ ಬೇಕಾಗುವ ಶಕ್ತಿ ಸುಮಾರು ಶೇ. 1ರಷ್ಟು ಏರುವುದರಿಂದ ಹಗುರವನ್ನು ಬಯಸುವುದು ಸಹಜ. ಆದರೆ ಸೈಕಲ್ ಇಳಿದ ಕಾಲು ದಣಿದಿರುತ್ತದೆ, ಪಾದ ಊದಿಕೊಂಡಿರುತ್ತದೆ, ತಲೆಗೆ ಸುರಿದುಕೊಂಡ ನೀರು ಇಳಿದು ಕಾಲುಚೀಲ ನೆನೆದಿರುತ್ತದೆ. ಆಗ ಬೆರಳಿಗೆ ಜಾಗವಿಲ್ಲದ, ಹಿಮ್ಮಡಿಯನ್ನು ಸರಿಯಾಗಿ ಹಿಡಿಯದ ಶೂ ಎಷ್ಟು ಹಗುರವಾಗಿದ್ದರೂ ಹೊರೆಯೇ.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಏರುವ ದಿಗಂಬರ ಮುನಿಗಳು ಪಾದರಕ್ಷೆಯನ್ನೇ ತೊರೆದವರು. ಆದರೂ ಜೈನ ಗ್ರಂಥವಾದ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸುವುದು ವಸ್ತುವಿನ ಮೇಲಿನ ಮಮತೆಯಲ್ಲಿ. ಹಾಗೆ ನೋಡಿದರೆ, ಕೆಲವೇ ಗ್ರಾಂಗಳ ಆಸೆಗೆ ಚೆನ್ನಾಗಿರುವ ಜೋಡಿಯನ್ನು ಮೂಲೆಗಿಟ್ಟು ಹೊಸತನ್ನು ಕೊಳ್ಳುತ್ತಲೇ ಹೋಗುವುದು ಪರಿಗ್ರಹವೇ ಸರಿ. ಗೃಹಸ್ಥರಾದ ಶ್ರಾವಕರಿಗೆ ಜೈನಧರ್ಮ ವಿಧಿಸುವುದು ಪರಿಗ್ರಹ ಪರಿಮಾಣವನ್ನು, ಎಂದರೆ ಇಟ್ಟುಕೊಳ್ಳುವ ವಸ್ತುಗಳಿಗೆ ತಾವೇ ಹಾಕಿಕೊಳ್ಳುವ ಮಿತಿಯನ್ನು. ಆದ್ದರಿಂದ ಸೈಕಲ್ ಇಳಿದ ಕೂಡಲೇ ಓಡಿ ಪರೀಕ್ಷಿಸಿದ, ಪಾದಕ್ಕೆ ಒಗ್ಗಿದ ಹಗುರ ಜೋಡಿಯೊಂದನ್ನು ಸವೆಯುವವರೆಗೆ ಬಳಸುವುದೇ ಓಟಕ್ಕೂ ವ್ರತಕ್ಕೂ ಒಪ್ಪುವ ಆಯ್ಕೆ.